ಕರಪತ್ರದ ಮೂರನೇ ಸಾಲು: ಅಭ್ಯರ್ಥಿ ಹಿಂದೆ ಏನು ಕೆಲಸ ಮಾಡಿದ್ರು, ನಮಗೆ ಹೇಗೆ ಗೊತ್ತಾಗಬೇಕು?

(ಪಾಡ್‌ಕಾಸ್ಟ್ ಕಂತಿನ ಬರಹ ರೂಪ. ಮಾತಿನ ಲಯ ಉಳಿಸಿಕೊಂಡು ಅಲ್ಲಲ್ಲಿ ಮಾತ್ರ ತಿದ್ದಲಾಗಿದೆ.)

ಕೊಪ್ಪಳದಿಂದ ಮಾತಾಡ್ತಾ ಇದ್ದೀನಿ. ಇವತ್ತಿನ ವಿಷಯ ನೋಡೋಕೆ ಸಣ್ಣದು. ಯಾಕಂದ್ರೆ ಅದು ಇರೋದೇ ಒಂದು ಸಾಲಿನಲ್ಲಿ. ಚುನಾವಣೆ ಬಂದಾಗ ಮನೆ ಬಾಗಿಲಿಗೆ ಕರಪತ್ರ ಬರ್ತದಲ್ಲ, ಅದರಲ್ಲಿ ಮೊದಲು ಅಭ್ಯರ್ಥಿ ಹೆಸರು, ಆಮೇಲೆ ಚಿಹ್ನೆ, ಅದರ ಕೆಳಗೆ ಮೂರನೇ ಸಾಲು. ‘ನಿವೃತ್ತ ಎಂಜಿನಿಯರ್’. ‘ಮಾಜಿ ಸೈನಿಕರು’. ‘ಬೆಂಗಳೂರಿನ ಪ್ರತಿಷ್ಠಿತ ಕಂಪನಿಯಲ್ಲಿ 10 ವರ್ಷ ಸೇವೆ’. ‘ರೈತ, ಸಮಾಜಸೇವಕ’. ಈ ಮೂರನೇ ಸಾಲನ್ನ ನಾವು ಓದ್ತೀವಿ, ನಂಬ್ತೀವಿ, ಪಕ್ಕದ ಮನೆಯವರಿಗೂ ಹೇಳ್ತೀವಿ. ಅದು ನಿಜಾನಾ ಅಂತ ಕೇಳೋರು ಕಡಿಮೆ. ನಾನೂ ಕೇಳಿರಲಿಲ್ಲ.

2016ರ ಮಾತು. ಜಿಲ್ಲಾ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿ ಚುನಾವಣೆ ನಡೀತಿತ್ತು. ನಾನು ಆಗ ವರದಿಗಾರ. ದಿನಕ್ಕೆ ಏಳೆಂಟು ಅಭ್ಯರ್ಥಿಗಳ ಪರಿಚಯ ಬರೀಬೇಕು. ಕುಷ್ಟಗಿ ಕಡೆಯ ಒಬ್ಬ ಅಭ್ಯರ್ಥಿಯ ಕರಪತ್ರದಲ್ಲಿ ‘ನಿವೃತ್ತ ಎಂಜಿನಿಯರ್’ ಅಂತ ಇತ್ತು. ನಾನೂ ಹಾಗೇ ಬರೆದೆ. ಮರುದಿನ ಬೆಳಿಗ್ಗೆ ಒಬ್ಬ ಹಿರಿಯರು ಫೋನ್ ಮಾಡಿದ್ರು. ಸಿಟ್ಟು ಏನಿರಲಿಲ್ಲ. ‘ಅವರು ನಮ್ಮ ಜೋಡಿನೇ ಇದ್ರು ಸರ್. ವರ್ಕ್ ಇನ್‌ಸ್ಪೆಕ್ಟರ್ ಆಗಿದ್ರು. ಕೆಲಸ ಚಲೋ ಮಾಡ್ಯಾರ. ಎಂಜಿನಿಯರ್ ಅಲ್ಲ, ಅಷ್ಟ’ ಅಂದ್ರು.

ನನಗೆ ಬೇಜಾರಾಗಿದ್ದು ಸುಳ್ಳು ಅಚ್ಚಾಯ್ತಲ್ಲ ಅಂತ ಮಾತ್ರ ಅಲ್ಲ. ವರ್ಕ್ ಇನ್‌ಸ್ಪೆಕ್ಟರ್ ಅಂದ್ರೆ ರಸ್ತೆ ಕೆಲಸ, ಕಾಲುವೆ ಕೆಲಸ ನಡೆಯೋ ಜಾಗದಲ್ಲಿ ನಿಂತು ಜಲ್ಲಿ ಎಷ್ಟು ಬಿತ್ತು, ಸಿಮೆಂಟ್ ಎಷ್ಟು ಬಿತ್ತು ನೋಡೋ ಮನುಷ್ಯ. ತಾಲ್ಲೂಕು ಪಂಚಾಯ್ತಿಗೆ ಅದಕ್ಕಿಂತ ಉಪಯೋಗದ ಅನುಭವ ಯಾವುದಿದೆ? ಇದ್ದದ್ದನ್ನ ಇದ್ದ ಹಾಗೆ ಹೇಳಿದ್ರೆ ಸಾಕಾಗಿತ್ತು. ಅವರು ಒಂದು ಮೆಟ್ಟಿಲು ಮೇಲೆ ಹತ್ತಿ ಹೇಳಿದ್ರು, ನಾನು ಅದನ್ನ ಪತ್ರಿಕೆಯ ಹೆಸರಿನಲ್ಲಿ ಊರಿಗೆಲ್ಲ ಹಂಚಿದೆ.

ಆವತ್ತಿನಿಂದ ಈ ಪ್ರಶ್ನೆ ನನ್ನ ಬೆನ್ನು ಹತ್ತಿದೆ. ಅಭ್ಯರ್ಥಿಯ ಹಿಂದಿನ ಕೆಲಸವನ್ನ ಪರಿಶೀಲಿಸೋದು ಯಾರ ಕೆಲಸ?

ಚುನಾವಣಾ ಆಯೋಗ ನೋಡ್ತದೆ ಬಿಡ್ರಿ ಅಂತ ಬಹಳ ಜನ ಅಂದುಕೊಂಡಿದಾರೆ. ಹಾಗಿಲ್ಲ. ವಿಧಾನಸಭೆ, ಲೋಕಸಭೆ ಚುನಾವಣೆಗೆ ನಾಮಪತ್ರದ ಜೊತೆ ಕೊಡೋ ಅಫಿಡವಿಟ್ಟಿಗೆ ನಮೂನೆ 26 ಅಂತ ಹೆಸರು. ಇದು ಸುಮ್ಮನೆ ಬಂದದ್ದಲ್ಲ. ಮತದಾರನಿಗೆ ಅಭ್ಯರ್ಥಿಯ ಬಗ್ಗೆ ತಿಳಿಯೋ ಹಕ್ಕಿದೆ ಅಂತ ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿತು. ಸಂಸತ್ತು ಅದನ್ನ ಮೊಟಕು ಮಾಡೋಕೆ ನೋಡಿದಾಗ 2003ರಲ್ಲಿ ಮತ್ತೊಮ್ಮೆ ಹೇಳಿತು. ಅದರಿಂದಲೇ ಇವತ್ತು ನಮಗೆ ಅಭ್ಯರ್ಥಿ ಮೇಲಿನ ಕ್ರಿಮಿನಲ್ ಪ್ರಕರಣ, ಆಸ್ತಿ, ಸಾಲ, ವಿದ್ಯಾರ್ಹತೆ, ಐದು ವರ್ಷದ ಆದಾಯ ತೆರಿಗೆ ವಿವರ ಸಿಗ್ತಿರೋದು.

ಉದ್ಯೋಗದ ಕಾಲಂ ಕೂಡ ಇದೆ. ಆದರೆ ಸರಿಯಾಗಿ ನೋಡ್ರಿ: ಅಲ್ಲಿ ಕೇಳೋದು ಈಗ ನಿಮ್ಮ ವೃತ್ತಿ ಏನು, ನಿಮ್ಮ ಹೆಂಡತಿ ಅಥವಾ ಗಂಡನ ವೃತ್ತಿ ಏನು ಅಂತ. ಆದಾಯದ ಮೂಲ ಏನು ಅಂತ ಬೇರೆ ಕಾಲಂ ಆಮೇಲೆ ಸೇರಿತು. ಹಿಂದೆ ಎಲ್ಲಿ ಕೆಲಸ ಮಾಡಿದ್ರಿ, ಯಾವ ಹುದ್ದೆ, ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾಕೆ ಬಿಟ್ರಿ – ಈ ಪ್ರಶ್ನೆಗೆ ಕಾಲಂ ಇಲ್ಲ. ಪ್ರಜಾಪ್ರತಿನಿಧಿ ಕಾಯ್ದೆ ಹಿಂದಿನ ನೌಕರಿ ಬಗ್ಗೆ ಗಟ್ಟಿಯಾಗಿ ಕೇಳೋದು ಒಂದೇ ಸಂದರ್ಭದಲ್ಲಿ. ಸರ್ಕಾರಿ ಹುದ್ದೆಯಲ್ಲಿದ್ದವರು ಭ್ರಷ್ಟಾಚಾರ ಅಥವಾ ದೇಶನಿಷ್ಠೆಯ ಕೊರತೆಯ ಕಾರಣಕ್ಕೆ ವಜಾ ಆಗಿದ್ರೆ ಐದು ವರ್ಷ ಸ್ಪರ್ಧೆ ಮಾಡೋ ಹಾಗಿಲ್ಲ. ಬೇರೆ ಕಾರಣಕ್ಕೆ ವಜಾ ಆಗಿ ಐದು ವರ್ಷ ಕಳೆದಿಲ್ಲ ಅಂದ್ರೆ, ಈ ಎರಡು ಕಾರಣಕ್ಕೆ ಅಲ್ಲ ಅಂತ ಆಯೋಗದಿಂದ ಪ್ರಮಾಣಪತ್ರ ತಂದು ನಾಮಪತ್ರಕ್ಕೆ ಲಗತ್ತಿಸಬೇಕು. ಅದು ಬಿಟ್ರೆ ‘20 ವರ್ಷ ಎಂಜಿನಿಯರ್ ಆಗಿದ್ದೆ’ ಅನ್ನೋ ಮಾತಿಗೆ ಯಾವ ಅಧಿಕಾರಿಯೂ ಸಾಕ್ಷಿ ಕೇಳೋದಿಲ್ಲ.

ಇದರಲ್ಲೊಂದು ತಮಾಷೆ ಇದೆ. ನಮ್ಮ ಕೊಪ್ಪಳ ಜಿಲ್ಲೆ ವಿಧಾನ ಪರಿಷತ್ತಿನ ಈಶಾನ್ಯ ಶಿಕ್ಷಕರ ಕ್ಷೇತ್ರಕ್ಕೆ ಸೇರ್ತದೆ. ಆ ಕ್ಷೇತ್ರದಲ್ಲಿ ಮತದಾರ ಆಗಬೇಕಾದ್ರೆ, ಹಿಂದಿನ ಆರು ವರ್ಷದಲ್ಲಿ ಒಟ್ಟು ಮೂರು ವರ್ಷ ಪಾಠ ಮಾಡಿದೀನಿ ಅಂತ ಶಾಲೆ-ಕಾಲೇಜಿನ ಮುಖ್ಯಸ್ಥರ ಸಹಿ ಇರೋ ಪ್ರಮಾಣಪತ್ರ ಕೊಡಬೇಕು. ಮತ ಹಾಕೋ ಮೇಷ್ಟ್ರು ತಮ್ಮ ಹಿಂದಿನ ಕೆಲಸಕ್ಕೆ ದಾಖಲೆ ತೋರಿಸಬೇಕು. ಮತ ಕೇಳೋರಿಗೆ ಆ ಕಷ್ಟ ಇಲ್ಲ. ಶಿಕ್ಷಕರ ಕ್ಷೇತ್ರದ ಅಭ್ಯರ್ಥಿ ಶಿಕ್ಷಕರೇ ಆಗಿರಬೇಕು ಅಂತಾನೂ ಇಲ್ಲ.

ಹಿಂದಿನ ಕೆಲಸ ಅಷ್ಟು ಮುಖ್ಯನಾ, ಈಗ ಕೆಲಸ ಮಾಡಿದ್ರೆ ಸಾಲದಾ ಅಂತ ಕೆಲವರು ಕೇಳ್ತಾರೆ. ನಾನು 2024ರ ಆಗಸ್ಟ್ 10ರ ರಾತ್ರಿ ನೆನಪಿಸ್ತೀನಿ. ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟು ಚೈನ್ ತುಂಡಾಗಿ ಕೊಚ್ಚಿ ಹೋಯ್ತು. ಎಡದಂಡೆ ಕಾಲುವೆ ನಂಬಿದ ಗಂಗಾವತಿ, ಕಾರಟಗಿ ಭತ್ತದ ರೈತರು ಆ ವಾರ ನಿದ್ದೆ ಮಾಡಿಲ್ಲ. ಆಗ ಕರೆಸಿದ್ದು ಗೇಟು ತಜ್ಞ ಕನ್ನಯ್ಯ ನಾಯ್ಡು ಅವರನ್ನ. ಹರಿಯೋ ನೀರಿನಲ್ಲೇ ತಾತ್ಕಾಲಿಕ ಸ್ಟಾಪ್ ಲಾಗ್ ಇಳಿಸಿ ನೀರು ನಿಲ್ಲಿಸಿದ್ರು. ಅವರನ್ನ ಕರೆಸುವಾಗ ಯಾರೂ ಭಾಷಣ ಕೇಳಲಿಲ್ಲ. ಹಿಂದೆ ಎಲ್ಲೆಲ್ಲಿ ಗೇಟಿನ ಕೆಲಸ ಮಾಡಿದಾರೆ ಅನ್ನೋದೊಂದೇ ಲೆಕ್ಕಕ್ಕೆ ಬಂತು.

ಶಾಸಕರು, ಪಂಚಾಯ್ತಿ ಸದಸ್ಯರು ಗೇಟು ಇಳಿಸಬೇಕಾಗಿಲ್ಲ, ಒಪ್ಪಿದೆ. ಆದರೆ ನಮ್ಮ ಮತಕ್ಕೂ ಇದೇ ಲೆಕ್ಕ ಇದೆ. ಗಂಗಾವತಿಯಲ್ಲಿ ‘ನೀರಾವರಿ ಇಲಾಖೆಯಲ್ಲಿದ್ದೆ’ ಅಂದ್ರೆ ಕೊನೆ ಭಾಗದ ರೈತ ಕಿವಿ ನೆಟ್ಟಗೆ ಮಾಡ್ತಾನೆ. ಕುಷ್ಟಗಿಯಲ್ಲಿ ‘ಗ್ರಾನೈಟ್ ಕ್ವಾರಿಯಲ್ಲಿ ದುಡಿದು ಮೇಲೆ ಬಂದೆ’ ಅಂದ್ರೆ ಕಲ್ಲು ಒಡೆಯೋ ಹುಡುಗರು ತಮ್ಮವನು ಅಂತಾರೆ. ಯಲಬುರ್ಗಾದ ಒಣಭೂಮಿ ಊರುಗಳಲ್ಲಿ ‘ನಾನೂ ಗುಳೆ ಹೋದವನೇ’ ಅನ್ನೋ ಮಾತಿಗೆ ಬೇರೆಯೇ ತೂಕ. ಕೊಪ್ಪಳ, ಗಿಣಿಗೇರಾ ಸುತ್ತ ‘ಕಾರ್ಖಾನೆಯಲ್ಲಿ ಕಾರ್ಮಿಕ ಆಗಿದ್ದೆ’ ಅಂದ್ರೆ ಹೊಗೆ, ಧೂಳಿನ ಕಷ್ಟ ಗೊತ್ತಿರೋರು ಅಂತ ಅರ್ಥ. ಈ ಮಾತು ನಂಬಿ ಜನ ಮತ ಕೊಡ್ತಾರೆ. ಹಾಗಾಗಿ ಆ ಮಾತಿಗೆ ಪುರಾವೆ ಕೇಳೋದು ತಪ್ಪಲ್ಲ.

ಈಗ ಸಮಯದ ಲೆಕ್ಕ. ಇದು ಬಹಳ ಮುಖ್ಯ. 2023ರ ವಿಧಾನಸಭೆ ಚುನಾವಣೆ ನೋಡ್ರಿ. ನಾಮಪತ್ರ ಸಲ್ಲಿಸೋಕೆ ಏಪ್ರಿಲ್ 20 ಕೊನೆ ದಿನ. ವಾಪಸ್ ತಗೊಳ್ಳೋಕೆ ಏಪ್ರಿಲ್ 24. ಮತದಾನ ಮೇ 10. ಅಂದ್ರೆ ಕಣದಲ್ಲಿ ಯಾರಿದಾರೆ ಅಂತ ಖಚಿತ ಆದ ಮೇಲೆ 16 ದಿನ. ಮಾಹಿತಿ ಹಕ್ಕು ಅರ್ಜಿಗೆ ಉತ್ತರ ಕೊಡೋಕೆ ಅಧಿಕಾರಿಗೆ ಕಾಯ್ದೆ ಕೊಟ್ಟಿರೋದು 30 ದಿನ. ನಾಮಪತ್ರ ನೋಡಿದ ಮೇಲೆ ಅರ್ಜಿ ಬರೆದ್ರೆ, ಉತ್ತರ ಬರೋ ಹೊತ್ತಿಗೆ ಗೆದ್ದವರ ವಿಜಯೋತ್ಸವದ ಬ್ಯಾನರ್ ಕೂಡ ಹಳೇದಾಗಿರ್ತದೆ. ಹಾಗಾಗಿ ಈ ಕೆಲಸ ಚುನಾವಣೆ ಘೋಷಣೆಗೂ ಮುಂಚೆ ಶುರು ಆಗಬೇಕು. ಟಿಕೆಟ್ ಯಾರು ಕೇಳ್ತಿದಾರೆ ಅಂತ ಊರಿಗೆ ಆರು ತಿಂಗಳ ಮೊದಲೇ ಗೊತ್ತಿರ್ತದಲ್ಲ.

ಹೇಗೆ ಶುರು ಮಾಡೋದು? ನಾನು ಯಾವ ಅಭ್ಯರ್ಥಿ ಎದುರು ಕೂತರೂ ಮೂರು ಪ್ರಶ್ನೆ ಕೇಳ್ತೀನಿ. ಎಲ್ಲಿ? ಯಾವಾಗಿನಿಂದ ಯಾವಾಗಿನವರೆಗೆ? ಯಾವ ಹುದ್ದೆ? ‘ಪ್ರತಿಷ್ಠಿತ ಕಂಪನಿ’ ಅನ್ನೋದು ಉತ್ತರ ಅಲ್ಲ. ಕಂಪನಿ ಹೆಸರು ಬೇಕು. ‘ಬಹಳ ವರ್ಷ’ ಅನ್ನೋದೂ ಉತ್ತರ ಅಲ್ಲ. ಇಸವಿ ಬೇಕು. ನಿಜವಾಗಿ ದುಡಿದವರಿಗೆ ಈ ಮೂರು ಪ್ರಶ್ನೆ ಕಷ್ಟ ಅಲ್ಲ. ಕೇಳಿದ್ದಕ್ಕಿಂತ ಜಾಸ್ತಿನೇ ಹೇಳ್ತಾರೆ: ಮೇಲಿನ ಅಧಿಕಾರಿ ಹೆಸರು, ಮೊದಲ ಸಂಬಳ, ಕ್ಯಾಂಟೀನಿನ ಚಹಾ ಎಲ್ಲ.

ಉತ್ತರ ಬಂದ ಮೇಲೆ ಯಾವ ಬಾಗಿಲು ತಟ್ಟಬೇಕು ಅನ್ನೋದು ಕೆಲಸದ ಮೇಲೆ ನಿಂತಿದೆ.

ಎಲ್ಲಕ್ಕಿಂತ ಸುಲಭ ನೋಂದಣಿ ಇರೋ ವೃತ್ತಿಗಳು. 2024ರಲ್ಲಿ ಕೊಪ್ಪಳ ಲೋಕಸಭೆಗೆ ಬಿಜೆಪಿಯಿಂದ ನಿಂತಿದ್ದ ಡಾ. ಬಸವರಾಜ ಕ್ಯಾವಟರ್ ವೈದ್ಯರು. ವೈದ್ಯರ ವಿಷಯದಲ್ಲಿ ಯಾರನ್ನೂ ಕಾಡಿ ಬೇಡೋ ಅಗತ್ಯ ಇಲ್ಲ, ವೈದ್ಯಕೀಯ ಪರಿಷತ್ತಿನ ನೋಂದಣಿ ಸಾರ್ವಜನಿಕವಾಗಿ ಇರ್ತದೆ. ವಕೀಲರಿಗೆ ರಾಜ್ಯ ವಕೀಲರ ಪರಿಷತ್ತಿನ ನೋಂದಣಿ ಸಂಖ್ಯೆ, ಇಸವಿ ಸಮೇತ ಇರ್ತದೆ. ಇಲ್ಲೊಂದು ಸೂಕ್ಷ್ಮ ಇದೆ. ಪೂರ್ಣಾವಧಿ ಸಂಬಳದ ನೌಕರಿಯಲ್ಲಿ ಇರೋರು ವಕೀಲಿಕೆ ಮಾಡೋ ಹಾಗಿಲ್ಲ ಅಂತ ವಕೀಲರ ಪರಿಷತ್ತಿನ ನಿಯಮ. ಹಾಗಾಗಿ ಒಂದೇ ಇಸವಿಯಲ್ಲಿ ‘ಶಿಕ್ಷಕನೂ ಆಗಿದ್ದೆ, ಕೋರ್ಟಿಗೂ ಹೋಗ್ತಿದ್ದೆ’ ಅಂದ್ರೆ ಇನ್ನೊಂದು ಪ್ರಶ್ನೆ ಕೇಳಬೇಕು.

ಎರಡನೇದು ಕಂಪನಿ ನಿರ್ದೇಶಕ, ಉದ್ಯಮಿ ಅನ್ನೋ ಮಾತು. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಕಂಪನಿ ಯಾವಾಗ ನೋಂದಣಿ ಆಯ್ತು, ನಿರ್ದೇಶಕರು ಯಾರು ಅಂತ ಸಿಗ್ತದೆ. ಶುಲ್ಕ ಕಟ್ಟಿದ್ರೆ ಕಂಪನಿ ಸಲ್ಲಿಸಿದ ಹಳೇ ದಾಖಲೆಗಳನ್ನೂ ನೋಡಬಹುದು. 2015ರಲ್ಲಿ ಹುಟ್ಟಿದ ಕಂಪನಿಯಲ್ಲಿ 2010ರಿಂದ ಎಂ.ಡಿ. ಆಗಿದ್ದೆ ಅಂದ್ರೆ ಅಲ್ಲೇ ಗೊತ್ತಾಗ್ತದೆ. ಸಹಕಾರ ಸಂಘದ ಅಧ್ಯಕ್ಷ ಆಗಿದ್ದೆ ಅಂದ್ರೆ ಇನ್ನೂ ಹತ್ತಿರ. ವಾರ್ಷಿಕ ಮಹಾಸಭೆಗೆ ಅಚ್ಚು ಮಾಡಿಸಿ ಹಂಚೋ ವರದಿಯಲ್ಲಿ ಆಡಳಿತ ಮಂಡಳಿ ಹೆಸರು ಇದ್ದೇ ಇರ್ತದೆ. ನಿಮ್ಮ ಮನೆಯ ಟ್ರಂಕಿನಲ್ಲೇ ಒಂದು ಪ್ರತಿ ಇರಬಹುದು.

ಮೂರನೇದು ಸರ್ಕಾರಿ ನೌಕರಿ. ನೇಮಕಾತಿ ಪಟ್ಟಿ, ರಾಜ್ಯಪತ್ರ, ಇಲಾಖೆಗಳ ಜ್ಯೇಷ್ಠತಾ ಪಟ್ಟಿ ಇವೆಲ್ಲ ಕಾಗದದ ಮೇಲೆ ಉಳಿಯೋ ವಸ್ತು. ಪ್ರತಿ ಕಚೇರಿ ತನ್ನ ಅಧಿಕಾರಿ, ನೌಕರರ ಪಟ್ಟಿಯನ್ನ, ಅವರ ಸಂಬಳ ಸಮೇತ ತಾನಾಗೇ ಪ್ರಕಟಿಸಬೇಕು ಅಂತ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮು ಹೇಳ್ತದೆ. ಅರ್ಜಿ ಹಾಕೋದಾದ್ರೆ ಕರ್ನಾಟಕದಲ್ಲಿ 10 ರೂಪಾಯಿ ಶುಲ್ಕ, 150 ಪದದ ಮಿತಿ, ಒಂದು ಅರ್ಜಿಗೆ ಒಂದೇ ವಿಷಯ. ಅರ್ಜಿಯಲ್ಲಿ ಇಡೀ ಸೇವಾ ಪುಸ್ತಕ ಕೇಳಬೇಡ್ರಿ. ನೌಕರನ ಮೇಲಿನ ನೋಟಿಸು, ಮೆಮೊ ಇಂಥವು ವೈಯಕ್ತಿಕ ಮಾಹಿತಿ ಅಂತ ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದೆ. 2025ರ ನವೆಂಬರ್‌ನಲ್ಲಿ ದತ್ತಾಂಶ ಸಂರಕ್ಷಣಾ ಕಾಯ್ದೆ ಮೂಲಕ ಆ ವಿನಾಯ್ತಿ ಇನ್ನೂ ಅಗಲ ಆಗಿದೆ. ಕೇಳಬೇಕಾದ್ದು ಇಷ್ಟೇ: ಈ ಇಸವಿಯಿಂದ ಈ ಇಸವಿವರೆಗೆ ಈ ಹುದ್ದೆಯಲ್ಲಿ ಯಾರಿದ್ರು. ಸಾರ್ವಜನಿಕ ಹಿತ ದೊಡ್ಡದಿದ್ರೆ ಮಾಹಿತಿ ಕೊಡಬಹುದು ಅನ್ನೋ ಕಲಮು ಈಗಲೂ ಕಾಯ್ದೆಯಲ್ಲಿದೆ. ಅದನ್ನ ಅರ್ಜಿಯಲ್ಲಿ ಬರೀರಿ.

ನಮ್ಮ ಜಿಲ್ಲೆಯವರಿಗೆ ಒಂದು ವಿಶೇಷ ಸೂಚನೆ. ಕೊಪ್ಪಳ ಜಿಲ್ಲೆ ಆಗಿದ್ದು 1997ರಲ್ಲಿ. ಅದಕ್ಕೂ ಮುಂಚೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ತಾಲ್ಲೂಕು ರಾಯಚೂರು ಜಿಲ್ಲೆಯಲ್ಲಿದ್ವು. ಹಾಗಾಗಿ 1990ರ ನೌಕರಿಯ ಕಾಗದ ಕೊಪ್ಪಳದ ಕಚೇರಿಯಲ್ಲಿ ಇಲ್ಲ ಅಂದ ಮಾತ್ರಕ್ಕೆ ಆ ಮನುಷ್ಯ ಸುಳ್ಳು ಹೇಳಿದ ಅಂತ ಅಲ್ಲ. ರಾಯಚೂರಿನಲ್ಲಿ ಕೇಳಬೇಕು. ಹೆಸರುಗಳೂ ಬದಲಾಗಿವೆ. ಕೆಕೆಆರ್‌ಟಿಸಿ ಅನ್ನೋ ಹೆಸರು ಬಂದಿದ್ದು 2021ರಲ್ಲಿ. ಅದಕ್ಕೂ ಮೊದಲು ಈಶಾನ್ಯ ಸಾರಿಗೆ, 2000ಕ್ಕೂ ಮೊದಲು ಕೆಎಸ್‌ಆರ್‌ಟಿಸಿ. ಕುಕನೂರು, ಕನಕಗಿರಿ, ಕಾರಟಗಿ ಹೊಸ ತಾಲ್ಲೂಕು ಅಂತ ಘೋಷಣೆ ಆಗಿದ್ದು 2017ರ ಬಜೆಟ್ಟಿನಲ್ಲಿ. ಯಾರಾದ್ರೂ ‘2005ರಲ್ಲಿ ಕುಕನೂರು ತಾಲ್ಲೂಕು ಕಚೇರಿಯಲ್ಲಿದ್ದೆ’ ಅಂದ್ರೆ ಅನುಮಾನ ಪಡಬೇಕು. ಆದ್ರೆ ಹಳೇ ಕೆಲಸವನ್ನ ಈಗಿನ ಹೆಸರಿನಿಂದ ಹೇಳೋದು ಜನರ ಮಾತಿನ ರೂಢಿ. ಕುಕನೂರಿನ ಬೇರೆ ಯಾವುದೋ ಕಚೇರಿ ಇರಬಹುದು. ಕೇಳಿ, ಸ್ಪಷ್ಟ ಮಾಡಿಕೊಂಡು, ಆಮೇಲೆ ಬರೀಬೇಕು.

ನಾಲ್ಕನೇದು ಖಾಸಗಿ ಕಂಪನಿ ನೌಕರಿ. ಇಲ್ಲಿ ಕಷ್ಟ ಜಾಸ್ತಿ, ಯಾಕಂದ್ರೆ ಕಂಪನಿ ನಮಗೆ ಹೇಳಲೇಬೇಕು ಅಂತ ಕಾನೂನಿಲ್ಲ. ಆದರೆ ಅಭ್ಯರ್ಥಿಗೆ ಅದು ಎರಡು ನಿಮಿಷದ ಕೆಲಸ. ಭವಿಷ್ಯನಿಧಿ ಖಾತೆ ಇದ್ರೆ ಯುಎಎನ್ ಹಾಕಿ ತೆರೆದ ಕೂಡಲೇ ಯಾವ ಸಂಸ್ಥೆಯಲ್ಲಿ ಯಾವ ದಿನ ಸೇರಿದ್ರು, ಯಾವ ದಿನ ಬಿಟ್ರು ಅಂತ ಬರ್ತದೆ. ಅನುಭವ ಪತ್ರ, ಫಾರ್ಮ್ 16 ಇರ್ತದೆ. ಮಾಜಿ ಸೈನಿಕರಿಗೆ ಡಿಸ್ಚಾರ್ಜ್ ಬುಕ್, ಗುರುತಿನ ಚೀಟಿ ಇರ್ತದೆ. ‘ತೋರಿಸ್ತೀರಾ?’ ಅಂತ ಮರ್ಯಾದೆಯಿಂದ ಕೇಳ್ರಿ. ಕೊಡಲೇಬೇಕು ಅಂತ ಇಲ್ಲ. ಕೇಳಿದ್ವಿ, ತೋರಿಸಲಿಲ್ಲ ಅಂತ ಬರೆಯೋ ಹಕ್ಕು ನಮಗಿದೆ. ಇದರ ಜೊತೆ, ಹಿಂದಿನ ಚುನಾವಣೆಯಲ್ಲೂ ನಿಂತವರಾದ್ರೆ ಅವರ ಹಳೇ ಅಫಿಡವಿಟ್ಟುಗಳನ್ನ ಪಕ್ಕ ಪಕ್ಕ ಇಟ್ಟು ನೋಡ್ರಿ. ಆಯೋಗದ ಜಾಲತಾಣದಲ್ಲೂ, ಎಡಿಆರ್ ಸಂಸ್ಥೆಯ ‘ಮೈನೇತಾ’ದಲ್ಲೂ ಸಿಗ್ತವೆ. ಒಂದರಲ್ಲಿ ‘ಕೃಷಿ’, ಇನ್ನೊಂದರಲ್ಲಿ ‘ವ್ಯಾಪಾರ’, ಕರಪತ್ರದಲ್ಲಿ ಅದೇ ವರ್ಷಗಳಿಗೆ ‘ಕಂಪನಿ ಮ್ಯಾನೇಜರ್’ ಅಂತ ಇದ್ರೆ, ಮೂರೂ ಹೇಗೆ ಹೊಂದ್ತವೆ ಅಂತ ಅವರನ್ನೇ ಕೇಳಬೇಕು.

ಈ ಸಮಸ್ಯೆ ನಮ್ಮದೊಂದೇ ಅಲ್ಲ. ಅಮೆರಿಕದಲ್ಲಿ ಜಾರ್ಜ್ ಸ್ಯಾಂಟೋಸ್ ಅನ್ನೋರು 2022ರ ನವೆಂಬರ್‌ನಲ್ಲಿ ಸಂಸತ್ತಿಗೆ ಗೆದ್ರು. ಗೋಲ್ಡ್‌ಮನ್ ಸ್ಯಾಕ್ಸ್, ಸಿಟಿಗ್ರೂಪ್‌ನಲ್ಲಿ ಕೆಲಸ ಮಾಡಿದ್ದೆ ಅಂತ ಹೇಳಿಕೊಂಡಿದ್ರು. ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಆ ಎರಡೂ ಸಂಸ್ಥೆಗಳನ್ನ ಕೇಳಿತು. ಅಂಥವರು ನಮ್ಮಲ್ಲಿದ್ದ ದಾಖಲೆ ಇಲ್ಲ ಅಂದ್ವು. ಸ್ಯಾಂಟೋಸ್ ಕೊನೆಗೆ ಒಪ್ಪಿಕೊಂಡ್ರು. 2023ರ ಡಿಸೆಂಬರ್ 1ರಂದು 311-114 ಮತಗಳಿಂದ ಅವರನ್ನ ಸದನದಿಂದ ಹೊರಹಾಕಿದ್ರು. ಆದರೆ ನನಗೆ ಹಿಡಿಸಿದ ಭಾಗ ಬೇರೆ. ಚುನಾವಣೆಗೂ ಮುಂಚೆನೇ, ಸೆಪ್ಟೆಂಬರ್‌ನಲ್ಲಿ, ‘ನಾರ್ತ್ ಶೋರ್ ಲೀಡರ್’ ಅನ್ನೋ ಆ ಊರಿನ ಒಂದು ಸಣ್ಣ ವಾರಪತ್ರಿಕೆ ಅವರ ಸಂಪತ್ತಿನ ಹೇಳಿಕೆ ಬಗ್ಗೆ ಅನುಮಾನ ಬರೆದಿತ್ತು. ದೊಡ್ಡವರು ಯಾರೂ ಎತ್ತಿಕೊಳ್ಳಲಿಲ್ಲ. ಮತದಾನ ಮುಗೀತು. ಸತ್ಯದ ವಾಸನೆ ಮೊದಲು ಬರೋದು ಊರಿನವರಿಗೇ. ಅದನ್ನ ಕೇಳೋರು ಬೇಕು, ಅಷ್ಟೇ.

ಎಲ್ಲಾ ಪ್ರಕರಣ ಅಷ್ಟು ದೊಡ್ಡದಿರೋದಿಲ್ಲ. ಬ್ರಿಟನ್ನಿನ ಹಣಕಾಸು ಸಚಿವೆ ರೇಚಲ್ ರೀವ್ಸ್ ಅವರ ಲಿಂಕ್ಡ್‌ಇನ್ ಪುಟದಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಬಿಟ್ಟ ದಿನಾಂಕ ಒಂಬತ್ತು ತಿಂಗಳು ಮುಂದಕ್ಕೆ ಇತ್ತು ಅಂತ 2025ರಲ್ಲಿ ಬಿಬಿಸಿ ವರದಿ ಮಾಡಿತು. ಅವರು ಅಲ್ಲಿ ಕೆಲಸ ಮಾಡಿದ್ದು ನಿಜ, ಅವಧಿ ಮಾತ್ರ ಹಿಗ್ಗಿತ್ತು. ಕಂಪನಿಗೆ ಕಾಲೇ ಇಡದವರೂ, ದಿನಾಂಕ ಹಿಗ್ಗಿಸಿದವರೂ ಒಂದೇ ಅಲ್ಲ. ನನ್ನ ವರ್ಕ್ ಇನ್‌ಸ್ಪೆಕ್ಟರ್ ಇವರಿಬ್ಬರ ಮಧ್ಯೆ ಎಲ್ಲೋ ಇದ್ರು. ಬರೆಯುವಾಗ ಈ ವ್ಯತ್ಯಾಸ ಕಾಣಬೇಕು.

ಈಗ ನನ್ನ ಎರಡನೇ ತಪ್ಪಿನ ಕಥೆ. ಇದನ್ನ ಹೇಳದೆ ಹೋದ್ರೆ ಇಷ್ಟೊತ್ತು ಹೇಳಿದ್ದೆಲ್ಲ ಅರ್ಧ ಆಗ್ತದೆ.

ಎಂಜಿನಿಯರ್ ವಿಷಯದಲ್ಲಿ ಪೆಟ್ಟು ತಿಂದ ಮೇಲೆ ನಾನು ಬಹಳ ಬಿಗಿ ಆದೆ. ಕೆಲವು ವರ್ಷದ ನಂತರ, ಇನ್ನೊಂದು ಪಂಚಾಯ್ತಿ ಚುನಾವಣೆ. ಒಬ್ಬ ಮಹಿಳಾ ಅಭ್ಯರ್ಥಿ, ‘ಗಂಗಾವತಿಯ ರೈಸ್ ಮಿಲ್ಲಿನಲ್ಲಿ 12 ವರ್ಷ ದುಡಿದೀನಿ’ ಅಂದ್ರು. ಪಿ.ಎಫ್. ಇತ್ತಾ ಅಂದೆ. ಇಲ್ಲ ಅಂದ್ರು. ಗುರುತಿನ ಚೀಟಿ? ಇಲ್ಲ. ಮಿಲ್ಲಿಗೆ ಫೋನ್ ಮಾಡಿದೆ. ಮಾಲೀಕರು ಬದಲಾಗಿದ್ರು, ಹಳೇ ಹಾಜರಿ ಪುಸ್ತಕ ಇಲ್ಲ ಅಂದ್ರು. ನಾನು ‘ಮಿಲ್ಲಿನಲ್ಲಿ ಕೆಲಸ ಮಾಡಿದ ಬಗ್ಗೆ ದಾಖಲೆ ಸಿಗಲಿಲ್ಲ’ ಅಂತ ಒಂದು ಸಾಲು ಬರೆದೆ. ಪದಶಃ ಸರಿಯಾದ ವಾಕ್ಯ. ಎದುರಾಳಿ ಕಡೆಯವರು ಅದನ್ನ ಜೆರಾಕ್ಸ್ ಮಾಡಿಸಿ, ಮೇಲೆ ‘ಸುಳ್ಳುಗಾತಿ’ ಅಂತ ಬರೆದು ಊರಿಗೆಲ್ಲ ಹಂಚಿದ್ರು.

ಚುನಾವಣೆ ಮುಗಿದ ಮೇಲೆ ಬೇರೆ ಸುದ್ದಿಗೆ ಅಂತ ಗಂಗಾವತಿಗೆ ಹೋದಾಗ, ಹಮಾಲರ ಜೊತೆ ಚಹಾ ಕುಡಿಯುವಾಗ ಆ ಹೆಸರು ಬಂತು. ನಾಲ್ಕು ಜನ ಒಟ್ಟಿಗೇ ‘ಓ, ಅಕಿನ? ನಮ್ಮ ಮಿಲ್ಲಿನಾಗ ಭತ್ತ ಒಣಗಿಸ್ತಿದ್ಲಲ್ಲ’ ಅಂದ್ರು. ಯಾವ ವರ್ಷ ಬಂದ್ಲು, ಯಾವ ವರ್ಷ ಬಿಟ್ಲು, ಯಾರ ಜೊತೆ ಆಟೋದಲ್ಲಿ ಬರ್ತಿದ್ಲು, ಎಲ್ಲ ಹೇಳಿದ್ರು. ಆ ಸಂಜೆನೇ ಅವರ ಮನೆಗೆ ಹೋದೆ, ತಪ್ಪಾಯ್ತು ಅಂದೆ. ಆಕೆ ಬೈಲಿಲ್ಲ. ‘ನೀವು ಕಾಗದ ಕೇಳಿದ್ರಿ. ನಮ್ಮಂಥವರಿಗೆ ಕಾಗದ ಯಾರು ಕೊಡ್ತಾರ್ರಿ? ಬಾಜೂಕ ನಿಂತು ದುಡಿದವರನ್ನ ಕೇಳಬೇಕಿತ್ತು’ ಅಂದ್ರು. ಆ ಚುನಾವಣೆಯಲ್ಲಿ ಅವರು ಸೋತಿದ್ರು. ನನ್ನ ಸಾಲಿನಿಂದಲೇ ಸೋತ್ರು ಅಂತ ಹೇಳೋಕೆ ಆಗಲ್ಲ. ಅಲ್ಲ ಅಂತ ಹೇಳೋಕೂ ನನಗೆ ಧೈರ್ಯ ಇಲ್ಲ.

ಯೋಚನೆ ಮಾಡ್ರಿ. ಭವಿಷ್ಯನಿಧಿ ಕಾಯ್ದೆ ಅನ್ವಯ ಆಗೋದು ಸಾಮಾನ್ಯವಾಗಿ 20 ಅಥವಾ ಅದಕ್ಕಿಂತ ಹೆಚ್ಚು ಜನ ಇರೋ ಸಂಸ್ಥೆಗೆ. ಕ್ವಾರಿ, ಮಿಲ್ಲು, ಇಟ್ಟಿಗೆ ಭಟ್ಟಿ, ಗುಳೆ ಹೋಗಿ ಮಾಡಿದ ಕಟ್ಟಡ ಕೆಲಸ – ಇಲ್ಲಿ ದುಡಿದ ಎಷ್ಟೋ ಜನರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಅಸಂಘಟಿತ ಕಾರ್ಮಿಕರ ಇ-ಶ್ರಮ್ ನೋಂದಣಿ ಶುರುವಾಗಿದ್ದೇ 2021ರ ಆಗಸ್ಟ್‌ನಲ್ಲಿ. ಇನ್ನೊಂದು ಕಡೆ ನೋಡಿದ್ರೆ, ನರೇಗಾ ಕೂಲಿಕಾರರ ಜಾಬ್ ಕಾರ್ಡ್, ಎಷ್ಟು ದಿನ ದುಡಿದ್ರು, ಎಷ್ಟು ಕೂಲಿ ಬಂತು ಅನ್ನೋದನ್ನ ಹೆಸರು ಸಮೇತ ಜಾಲತಾಣದಲ್ಲಿ ಹಾಕಿಟ್ರು. ದೊಡ್ಡ ಹುದ್ದೆಯವರ ಸೇವಾ ವಿವರ ಕೇಳಿದ್ರೆ ವೈಯಕ್ತಿಕ ಮಾಹಿತಿ ಅಂತ ಉತ್ತರ. ಕಾಗದ ಅನ್ನೋದು ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗೋದಿಲ್ಲ. ಬರೀ ಕಾಗದದಿಂದ ಪರಿಶೀಲನೆ ಮಾಡಿದ್ರೆ, ಕಾಗದ ಇಟ್ಟುಕೊಳ್ಳೋ ಅನುಕೂಲ ಇದ್ದವರೇ ಪ್ರತಿಸಲ ನಿಜ ಆಗ್ತಾರೆ.

ಹಾಗಾಗಿ ನಾನು ಈಗ ಇಟ್ಟುಕೊಂಡಿರೋ ಕ್ರಮ ಹೇಳ್ತೀನಿ. ಕಾಗದ ಇರಬೇಕಾದ ಕೆಲಸಕ್ಕೆ ಕಾಗದ ಕೇಳ್ತೀನಿ. ಕಾಗದ ಹುಟ್ಟೋದೇ ಇಲ್ಲದ ಕೆಲಸಕ್ಕೆ ಜೊತೆಗೆ ದುಡಿದ ಇಬ್ಬರು-ಮೂವರನ್ನ ಬೇರೆ ಬೇರೆ ಕೂರಿಸಿ ಕೇಳ್ತೀನಿ. ಅವರಲ್ಲಿ ಒಬ್ಬರಾದ್ರೂ ಅಭ್ಯರ್ಥಿಯ ಪಕ್ಷದವರು, ಸಂಬಂಧಿಕರು ಆಗಿರಬಾರದು. ಬರೆಯೋ ಮುಂಚೆ ಅಭ್ಯರ್ಥಿಗೆ ಫೋನ್ ಮಾಡಿ ‘ಹೀಗೆ ಗೊತ್ತಾಗಿದೆ, ನೀವೇನಂತೀರಿ’ ಅಂತ ಕೇಳ್ತೀನಿ. ‘ದಾಖಲೆ ಸಿಗಲಿಲ್ಲ’ ಅಂತ ಬರೆಯಬೇಕಾದ್ರೆ ಎಲ್ಲಿ ಹುಡುಕಿದೆ, ಅಲ್ಲಿ ಸಿಗಬೇಕಿತ್ತಾ ಇಲ್ವಾ ಅಂತಾನೂ ಬರೀತೀನಿ. ಒಬ್ಬ ಅಭ್ಯರ್ಥಿಗೆ ಕೇಳಿದ ಪ್ರಶ್ನೆನ ಕಣದಲ್ಲಿರೋ ಎಲ್ಲರಿಗೂ ಕೇಳ್ತೀನಿ. ಇದರಲ್ಲಿ ನ್ಯಾಯದ ಜೊತೆ ಕಾನೂನೂ ಇದೆ. ಫಲಿತಾಂಶದ ಮೇಲೆ ಪರಿಣಾಮ ಆಗಲಿ ಅಂತ ಅಭ್ಯರ್ಥಿಯ ನಡತೆ ಬಗ್ಗೆ ಸುಳ್ಳು ಅಂತ ಗೊತ್ತಿದ್ದೂ ಪ್ರಕಟಿಸಿದ್ರೆ ಅದು ಭಾರತೀಯ ನ್ಯಾಯ ಸಂಹಿತೆಯ 175ನೇ ಕಲಮಿನ ಪ್ರಕಾರ ಅಪರಾಧ. ವಾಟ್ಸ್‌ಆಪ್ ಗ್ರೂಪಿನಲ್ಲಿ ಹಾಕೋ ಮುಂಚೆ ಇದು ನೆನಪಿರಲಿ.

ಸುಳ್ಳು ಹೇಳಿದ ಅಭ್ಯರ್ಥಿಗೆ ಏನಾಗ್ತದೆ? ಅಫಿಡವಿಟ್ಟಿನಲ್ಲಿ ಗೊತ್ತಿದ್ದೂ ಸುಳ್ಳು ಬರೆದ್ರೆ ಆರು ತಿಂಗಳವರೆಗೆ ಜೈಲು ಅಥವಾ ದಂಡ ಅಥವಾ ಎರಡೂ ಅಂತ 125ಎ ಕಲಮು ಹೇಳ್ತದೆ. ಚುನಾವಣೆ ರದ್ದಾದ ಉದಾಹರಣೆನೂ ಇದೆ. ಮಣಿಪುರದ ಮೊಯಿರಾಂಗ್ ಕ್ಷೇತ್ರದಲ್ಲಿ 2012ರಲ್ಲಿ ಗೆದ್ದ ಪೃಥ್ವಿರಾಜ್ ಅನ್ನೋರು ನಮ್ಮ ಮೈಸೂರು ವಿಶ್ವವಿದ್ಯಾಲಯದಿಂದ ಎಂಬಿಎ ಮಾಡಿದೀನಿ ಅಂತ ಬರೆದಿದ್ರು. ಮಾಡಿರಲಿಲ್ಲ. ಬರಹದ ತಪ್ಪು ಅಂತ ವಾದಿಸಿದ್ರು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ, 2016ರ ಅಕ್ಟೋಬರ್‌ನಲ್ಲಿ ಆಯ್ಕೆ ಅಸಿಂಧು ಅನ್ನೋ ತೀರ್ಪು ಖಾಯಂ ಆಯ್ತು. ಆದರೆ 2023ರಲ್ಲಿ ಉತ್ತರ ಪ್ರದೇಶದ ಇನ್ನೊಂದು ಪ್ರಕರಣದಲ್ಲಿ, ವಿದ್ಯಾರ್ಹತೆ ಬಗ್ಗೆ ತಪ್ಪು ಮಾಹಿತಿ ಕೊಡೋದು ಭ್ರಷ್ಟ ಚುನಾವಣಾ ಕ್ರಮ ಆಗೋದಿಲ್ಲ ಅನ್ನೋ ಹೈಕೋರ್ಟ್ ನಿಲುವನ್ನ ಅದೇ ಸುಪ್ರೀಂ ಕೋರ್ಟ್ ಬದಲಿಸಲಿಲ್ಲ. ವಿದ್ಯಾರ್ಹತೆಗೆ ಕಾಲಂ ಇದ್ದೂ ಇಷ್ಟು ಗೊಂದಲ. ಹಿಂದಿನ ನೌಕರಿಗೆ ಕಾಲಮ್ಮೇ ಇಲ್ಲ. ಕರಪತ್ರದ ಮೂರನೇ ಸಾಲು ಅಫಿಡವಿಟ್ಟಿನ ಹೊರಗೆ ಇರೋದರಿಂದ ಈ 125ಎ ಅದಕ್ಕೆ ಮುಟ್ಟೋದೂ ಇಲ್ಲ.

ಹಾಗಾಗಿ ಆ ಸಾಲಿಗೆ ಕಾವಲು ನಾವೇ. ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳಿಗೆ 2016ರಲ್ಲಿ ಆರಿಸಿ ಕಳಿಸಿದವರ ಅವಧಿ 2021ಕ್ಕೇ ಮುಗಿದಿದೆ. ಮುಂದಿನ ಚುನಾವಣೆ ಯಾವಾಗ ಬಂದರೂ ನಿಮ್ಮ ಬಾಗಿಲಿಗೆ ಕರಪತ್ರ ಬರ್ತದೆ. ಅದನ್ನ ಬಿಸಾಕಬೇಡ್ರಿ. ಹಿಂದುಗಡೆ ಬಂದ ತಾರೀಖು ಬರೆದು ಎತ್ತಿಡ್ರಿ. ಅಭ್ಯರ್ಥಿ ಕಟ್ಟೆ ಮೇಲೆ ಬಂದು ಕೂತಾಗ ಎಲ್ಲಿ, ಯಾವಾಗ, ಯಾವ ಹುದ್ದೆ ಅಂತ ಕೇಳ್ರಿ. ಜೊತೆಗೆ ದುಡಿದವರು ನಿಮ್ಮ ಊರಿನಲ್ಲೇ ಇದ್ರೆ ನಮ್ಮಂಥ ವರದಿಗಾರರಿಗೆ ಹೇಳ್ರಿ. ನನಗೆ 2016ರಲ್ಲಿ ಆ ಹಿರಿಯರ ಫೋನು ಬಂದಿದ್ದು ಪತ್ರಿಕೆ ಅಚ್ಚಾದ ಮರುದಿನ. ಒಂದು ದಿನ ಮೊದಲು ನಾನೇ ಅವರಿಗೆ ಫೋನ್ ಮಾಡಬೇಕಿತ್ತು.

ಇವತ್ತಿಗೆ ಇಷ್ಟು. ಮುಂದಿನ ಕಂತಿನಲ್ಲಿ ಮತ್ತೆ ಸಿಗೋಣ.